ಎರಡು ಸಾಲಿನ ನಡುವಿನ ತೂತು

ಡೆಲ್ಫೀನ್ ಲಾರೋಕ್ ತನ್ನ ಜೀವಮಾನದಲ್ಲೇ ಮೊದಲ ಸಲ ಒಂದು ಕೆಲಸವನ್ನು ಗಲಾಟೆಯಿಲ್ಲದೆ, ಹಲ್ಲು ಕಿರಿಯದೆ, ಒಳ್ಳೆ ಹುಡುಗಿಯ ಹಾಗೆ ಮಾಡಿ ಮುಗಿಸಿದ್ದಳು. ಅದನ್ನು ಯಾರೂ ನಂಬಲಿಲ್ಲ.

ಒಟ್ಟಾವಾದ ತನ್ನ ಬಾಡಿಗೆ ಮನೆಯಲ್ಲಿ, ಕಚ್ಚಿದ ಟೋಸ್ಟನ್ನು ಕೈಯಲ್ಲೇ ಹಿಡಿದು, ಅವಳು ಲ್ಯಾಪ್‌ಟಾಪಿನ ಮೇಲಿದ್ದ ಉತ್ತರವನ್ನು ಮತ್ತೆ ಓದಿದಳು. ಬರೆದವನು ಆಂಬ್ರೋಸ್ ಶುಲಿಸ್ಟ್ ಎಂಬ ಮುದುಕ. ಬರೆದದ್ದು ಇಡೀ ಲೋಕ ಓದುವ ಮೇಲಿಂಗ್ ಲಿಸ್ಟಿನಲ್ಲಿ.

"ಲಾರೋಕ್ ಕಳಿಸಿರೋ ಪ್ಯಾಚ್ ನೋಡ್ದೆ. ಓದಕ್ಕೆ ಚಂದ ಇರ್ಲಿ ಅಂತ ಎರಡು ಸಾಲನ್ನ ಮೇಲೆ ಕೆಳಗೆ ಮಾಡಿದಾಳಂತೆ. ಈ ಹುಡುಗಿ ಬರೀ ಚಂದಕ್ಕೆ ಅಂತ ಕಸ ಗುಡಿಸಿದ್ದು ನಾನಂತೂ ಕಂಡಿಲ್ಲ. ಇದ್ರ ಹಿಂದೆ ಏನಿದೆ ಅಂತ ಇಲ್ಲೇ, ಎಲ್ಲರ ಮುಂದೆ ಹೇಳ್ಲಿ. ಅಲ್ಲೀವರೆಗೂ ನನ್ನ ಒಪ್ಪಿಗೆ ಇಲ್ಲ."

ಡೆಲ್ಫೀನ್ ಟೋಸ್ಟನ್ನು ತಟ್ಟೆಗೆ ಹಾಕಿದಳು. ಅದರ ಹಿಂದೆ ಏನಿದೆ ಎಂಬುದೊಂದನ್ನೇ ಅವಳು ಎಲ್ಲರ ಮುಂದೆ ಹೇಳುವಂತಿರಲಿಲ್ಲ.

ಡೆಲ್ಫೀನ್ ಮತ್ತು ಆಂಬ್ರೋಸ್ ಇಬ್ಬರೂ ಕರ್ನಲ್ ನೋಡಿಕೊಳ್ಳುವ ಗುಂಪಿನವರು. ಕಂಪ್ಯೂಟರಿನ ಹೊಟ್ಟೆಯೊಳಗೆ ಕೂತು, ಯಾವ ಪ್ರೋಗ್ರಾಮಿಗೆ ಮೆಮರಿಯಲ್ಲಿ ಎಲ್ಲಿ ಜಾಗ, ಯಾರು ಖಾಲಿ ಮಾಡಬೇಕು, ಯಾರು ಒಳಗೆ ಬರಬೇಕು ಎಂದು ತೀರ್ಮಾನಿಸುವ ಯಜಮಾನನೇ ಕರ್ನಲ್. ವಿನಿಪೆಗ್‌ನ ಟ್ಯಾಮ್ಸಿನ್ ಎಂಬ ಹೆಂಗಸು ಆ ಯಜಮಾನನ ಮನೆಯಲ್ಲೇ ಒಂದು ತೂತು ಹುಡುಕಿ, ಗುಟ್ಟಾಗಿ ಡೆಲ್ಫೀನ್‌ಗೆ ಬರೆದಿದ್ದಳು. ಒಂದು ಕಡೆ ಕರ್ನಲ್ ಮೊದಲು ಜಾಗವನ್ನು ಖಾಲಿ ಮಾಡಿ ಬೇರೆಯವರಿಗೆ ಕೊಟ್ಟುಬಿಡುತ್ತಿತ್ತು. ಹಳೆಯ ವಿಳಾಸವನ್ನು ಅಳಿಸುತ್ತಿದ್ದುದು ಆಮೇಲೆ. ನಡುವಿನ ಬಿಡುವು ರೆಪ್ಪೆ ಬಡಿಯುವಷ್ಟೂ ಇಲ್ಲ. ಆದರೆ ಅಷ್ಟರಲ್ಲೇ ಹಳೆಯ ವಿಳಾಸ ಹಿಡಿದು ಒಳಗೆ ನುಗ್ಗಿದವನು ಹೊಸಬರ ಸಾಮಾನು ಕದಿಯಬಹುದು, ಇನ್ನೂ ಚಾಲಾಕಿಯಾದರೆ ಯಜಮಾನನ ಕುರ್ಚಿಯಲ್ಲೇ ಕೂತುಬಿಡಬಹುದು. ಮದ್ದು ಬಹಳ ಸರಳ. ಮೊದಲು ವಿಳಾಸ ಅಳಿಸು, ಆಮೇಲೆ ಜಾಗ ಬಿಡು. ಎರಡು ಸಾಲು ಅದಲು ಬದಲು ಮಾಡಿದರೆ ಮುಗಿಯಿತು.

ಈ ಗುಂಪಿನಲ್ಲಿ ಎಲ್ಲ ಕೆಲಸವೂ ಬಟಾಬಯಲಿನಲ್ಲೇ ನಡೆಯಬೇಕು. ತೂತು ಮುಚ್ಚುವ ಪ್ಯಾಚ್, ಅಂದರೆ ತಿದ್ದಿದ ಸಾಲುಗಳ ತೇಪೆ ಕೂಡ ಲಿಸ್ಟಿಗೇ ಬರಬೇಕು. ಅಲ್ಲಿ ಸಾಧುಗಳೂ ಓದುತ್ತಾರೆ, ಕಳ್ಳರೂ ಓದುತ್ತಾರೆ. ಹಾಗಾಗಿ ಹೊಸ ಆವೃತ್ತಿ ಹೊರಬೀಳುವವರೆಗೆ ಇಂಥ ಪ್ಯಾಚಿಗೆ ಸಪ್ಪೆ ಬಟ್ಟೆ ತೊಡಿಸಿ ಕಳಿಸುವುದು ಇಲ್ಲಿನ ರೂಢಿ. ಹೀರೊ ಮಾರುವೇಷದಲ್ಲಿ ಪೊರಕೆ ಹಿಡಿದು ವಿಲನ್ನಿನ ಬಂಗಲೆಗೆ ಹೋಗುತ್ತಾನಲ್ಲ, ಹಾಗೆ. ಕಸ ಗುಡಿಸುವವನ ಮುಖವನ್ನು ಯಾರೂ ನೋಡುವುದಿಲ್ಲ.

ಆದರೆ ಪೊರಕೆ ಹಿಡಿದವಳು ಡೆಲ್ಫೀನ್ ಲಾರೋಕ್. ಹೋದ ಏಪ್ರಿಲ್ ಒಂದರಂದು, ಮೂರ್ಖರ ದಿನ, ಇದೇ ಲಿಸ್ಟಿಗೆ, ಯಂತ್ರ ಕುಸಿದು ಬೀಳುವ ಮೊದಲು ದೇಶದ ಎರಡೂ ಅಧಿಕೃತ ಭಾಷೆಗಳಲ್ಲಿ, ಇಂಗ್ಲಿಷಿನಲ್ಲೂ ಫ್ರೆಂಚಿನಲ್ಲೂ, ಬಳಕೆದಾರರ ಕ್ಷಮೆ ಕೇಳುವಂತೆ ಮಾಡುವ ಪ್ಯಾಚ್ ಕಳಿಸಿದವಳು. ಜನ ನಕ್ಕರು. ಆಂಬ್ರೋಸ್ ಮಾತ್ರ ನಗದೆ, ದಿನವಿಡೀ ಕೂತು ಅದನ್ನು ಪರಿಶೀಲಿಸಿ, ಫ್ರೆಂಚ್ ಕ್ಷಮಾಪಣೆಯಲ್ಲಿ ವಿನಯ ಸಾಲದು ಎಂದು ಗಂಭೀರವಾಗಿ ಬರೆದ. ಆಮೇಲೆ ಜನ ನಕ್ಕಿದ್ದು ಪ್ಯಾಚಿಗಲ್ಲ, ಅವನಿಗೆ. ಡೆಲ್ಫೀನ್ ಅದಕ್ಕೊಂದು ಸಿನಿಮಾ ಡೈಲಾಗ್ ಕೂಡ ಹೊಡೆದಿದ್ದಳು: "ಶುಲಿಸ್ಟ್ ಇರೋವರೆಗೂ ಜೋಕ್ ಕೂಡ ಈ ಕೋಟೆ ದಾಟಲ್ಲ." ಅಂದಿನಿಂದ ಅವಳ ಹೆಸರು ಕಂಡರೆ ಮುದುಕನ ಮೂಗು ಅರಳುತ್ತಿತ್ತು.

ಆಗಲೇ ಲಿಸ್ಟಿನಲ್ಲಿ ಇನ್ನೊಂದು ಸಾಲು ಬಂತು. ಗುರುತಿಲ್ಲದ ಹೆಸರು. ಈವರೆಗೆ ಒಂದು ಅಕ್ಷರ ಬರೆಯದ ಯಾರೋ ಬಹಳ ಮರ್ಯಾದೆಯಿಂದ ಕೇಳಿದ್ದ: ಹಳೆಯ ಕ್ರಮವೇ ಇದ್ದರೆ, ಒಂದೇ ಜಾಗಕ್ಕೆ ಇಬ್ಬರು ಒಟ್ಟಿಗೆ ಬಂದಾಗ ಏನಾಗುತ್ತದೆ?

ಡೆಲ್ಫೀನ್ ಆ ಸಾಲನ್ನು ಮತ್ತೆ ಓದಿದಳು. ಅವನು ಬಾಗಿಲ ಮುಂದೆ ಬಂದು ನಿಂತಿದ್ದಾನೆ, ಚಿಲಕದ ಮೇಲೆ ಇನ್ನೂ ಕೈ ಇಟ್ಟಿಲ್ಲ, ಅಷ್ಟೇ. ಆ ಬಾಗಿಲಿನ ದಾರಿಯನ್ನು ಊರೆಲ್ಲ ಕಾಣುವ ಹಾಗೆ ಬರೆದು ತಂದಿಟ್ಟವಳು ತಾನೇ. ಪ್ಯಾಚ್ ಒಳಗೆ ಹೋದರೆ ಅದು ಮದ್ದು. ಹೊರಗೇ ಉಳಿದರೆ ಕಳ್ಳನಿಗೆ ಕೊಟ್ಟ ನಕ್ಷೆ.

ಹೊಸ ಆವೃತ್ತಿ ಅಂದು ಸಂಜೆ ನಾಲ್ಕಕ್ಕೆ ಹೊರಡಬೇಕಿತ್ತು. ಅದು ತಪ್ಪಿದರೆ ಮುಂದಿನದು ಬೇಸಿಗೆಗೆ. ಬಿಡುಗಡೆಯ ಹೊಣೆ ಹೊತ್ತ ಪೋರ್ಟ್‌ಲೆಂಡಿನ ರೊವೀನಾಗೆ ಡೆಲ್ಫೀನ್ ಫೋನ್ ಮಾಡಿ, ಮುದುಕನನ್ನು ಬದಿಗಿಟ್ಟು ಪ್ಯಾಚ್ ತಗೊಂಡುಬಿಡಿ ಎಂದು ಬೇಡಿದಳು. ರೊವೀನಾ ಒಪ್ಪಲಿಲ್ಲ. ಕರ್ನಲ್ಲಿನ ಆ ಭಾಗದ ಕಾವಲುಗಾರ ಆಂಬ್ರೋಸ್ ಬಹಿರಂಗವಾಗಿ ಬೇಡ ಅಂದ ಮೇಲೆ, ಎರಡು ಸಾಲಿನ ಕಸ ಗುಡಿಸುವ ಪ್ಯಾಚನ್ನು ಮೇಲಿಂದ ತುರುಕಿದರೆ ಡಂಗುರ ಹೊಡೆದ ಹಾಗೆ ಆಗುತ್ತದೆ. ಒಬ್ಬ ಮೂಸುತ್ತಿದ್ದವನ ಜಾಗದಲ್ಲಿ ನೂರು ಜನ ಮೂಸುತ್ತಾರೆ. ಬೇಡ ಅಂದವನೇ ಬೇಕು ಅನ್ನಬೇಕು, ಅದೂ ಆಕಳಿಸುತ್ತಾ ಅನ್ನಬೇಕು ಎಂದು ಫೋನಿಟ್ಟಳು.

ಆಂಬ್ರೋಸ್‌ಗೆ ಗುಟ್ಟಾಗಿ ಬರೆಯುವ ಹಾಗೂ ಇರಲಿಲ್ಲ. ಎಲ್ಲರಿಗೂ ಸೇರಿದ ಕೆಲಸದ ಮಾತು ಎಲ್ಲರ ಮುಂದೆಯೇ ಆಗಬೇಕು ಎಂಬ ವ್ರತ ಹಿಡಿದವನು. ಖಾಸಗಿಯಾಗಿ ಬಂದ ಮೇಲ್ ಓದದೆಯೇ ಕಸದ ಬುಟ್ಟಿಗೆ ಹಾಕುತ್ತಿದ್ದ. ಫೋನಂತೂ ಚಳಿಗಾಲ ಪೂರ್ತಿ ಅಡುಗೆಮನೆಯ ಡ್ರಾಯರಿನಲ್ಲಿ. ಬೆಳಿಗ್ಗೆ ತನ್ನೂರು ಅರ್ನ್‌ಪ್ರಯರ್‌ನ ಪೆಟ್ರೋಲ್ ಬಂಕಿನ ಕಾಫಿ ಕೌಂಟರಿನಲ್ಲಿ ಕೂತು ಮೇಲ್ ಇಳಿಸಿಕೊಂಡು, ಬೈಯುವವರಿಗೆಲ್ಲ ಬೈದು ಹೊಳೆಗೆ ಹೋದರೆ, ಹೆಪ್ಪುಗಟ್ಟಿದ ನೀರಿನ ಮೇಲಿನ ಮೀನು ಹಿಡಿಯುವ ಗುಡಿಸಲಲ್ಲಿ ಕತ್ತಲಾಗುವವರೆಗೂ ಅಲ್ಲಾಡುವುದಿಲ್ಲ.

ಡೆಲ್ಫೀನ್ ಕಾರಿನ ಕೀ ಎತ್ತಿಕೊಂಡಳು.

ಹೆದ್ದಾರಿಯಲ್ಲಿ ಅಮ್ಮನ ಫೋನ್ ಬಂತು. ಜಿನೆಟ್ ಲಾರೋಕ್ ಅದೇ ಹೊಳೆಯ ಮೇಲಿನ ಕಣಿವೆಯ ತುರ್ತು ಕರೆ ಕೇಂದ್ರದಲ್ಲಿ ಫೋನೆತ್ತುವ ಹೆಂಗಸು. ಬೆಂಕಿ, ಹೃದಯಾಘಾತ, ಅಪಘಾತ, ಎಲ್ಲ ಮೊದಲು ಅವಳ ಕಿವಿಗೇ ಬೀಳುವುದು.

"ಭಾನುವಾರ ಊಟಕ್ಕೆ ಬರ್ತೀಯಾ, ಇಲ್ಲ ಕಂಪ್ಯೂಟರ್ ಮುನಿಸ್ಕೊಂಡಿದೆ ಅಂತೀಯಾ?"

"ಬರ್ತೀನಿ ಮಮಾಂ. ಇವತ್ತು ಡ್ಯೂಟಿ ಇದ್ಯಾ?"

"ಇಲ್ದೆ ಏನು? ಬಿಸಿಲು ಶುರುವಾಯ್ತಲ್ಲ. ಐಸ್ ಮೇಲೆ ಹೋಗಿ ಬೀಳೋ ಮಂಗಗಳದ್ದೇ ಫೋನು. ಯಾಕೆ, ದನಿ ಒಂಥರ ಇದೆ?"

ಏನಿಲ್ಲ ಎಂದಳು ಡೆಲ್ಫೀನ್. ಒಮ್ಮೆ ಅಮ್ಮ ಅವಳನ್ನು ಕರೆದೊಯ್ದು ತನ್ನ ಮೇಜನ್ನು ತೋರಿಸಿದ್ದಳು. ಆ ಪರದೆಗಳು ಹೊತ್ತಿಕೊಂಡಾಗ ಡೆಲ್ಫೀನ್ ಹೆಮ್ಮೆಯಿಂದ ಎದೆಯುಬ್ಬಿಸಿ, ಇದರೊಳಗೆ ಓಡ್ತಿರೋದು ನಮ್ಮ ಕರ್ನಲ್ ಎಂದಿದ್ದಳು. ಈಗ, ಯಾರೋ ಒಬ್ಬ ಬಾಗಿಲು ತಳ್ಳಿದರೆ ಆ ಪರದೆಗಳೆಲ್ಲ ಕಪ್ಪು. ಯಾರದೋ ಮನೆ ಉರಿಯುತ್ತಿರುತ್ತದೆ, ಅಮ್ಮ ಸತ್ತ ಫೋನು ಹಿಡಿದು ಹಲೋ ಹಲೋ ಎನ್ನುತ್ತಿರುತ್ತಾಳೆ.

ಅವಳು ಆಕ್ಸಿಲರೇಟರ್ ಒತ್ತಿದಳು.

ಬಂಕಿನ ಕೌಂಟರಿನಲ್ಲಿದ್ದ ಹೆಂಗಸನ್ನು ಆಂಬ್ರೋಸ್ ಎಲ್ಲಿ ಎಂದು ವಿಚಾರಿಸಿದಳು. ಎರಡು ಪಾಲು ಕೆನೆ, ಎರಡು ಪಾಲು ಸಕ್ಕರೆಯ ಡಬಲ್ ಡಬಲ್ ಕಾಫಿ ಕುಡಿದು ಆಗಲೇ ಹೊಳೆಗೆ ಹೋದ. ಮೀನು ಕಚ್ಚುತ್ತಿಲ್ಲ, ಗುಡಿಸಲು ಬೇರೆ ಕಡೆ ಎಳೀತೀನಿ ಅಂತ ಗೊಣಗುತ್ತಿದ್ದ, ಮಂಜಿನ ಮೇಲೆ ಎಳೆಯುವ ಸ್ಲೆಡ್ಜಿನ ತುಂಬ ಸ್ಪ್ರೂಸ್ ಮರದ ಕೊಂಬೆ ಹೇರಿಕೊಂಡಿದ್ದ ಎಂದು ಅವಳು ಹೇಳಿದಳು. ಡೆಲ್ಫೀನ್‌ಗೆ ಹೊಳೆ ಎಂಬ ಮಾತಷ್ಟೇ ಕೇಳಿಸಿತು. ಕೊಂಬೆ ಯಾಕೆ ಎಂದು ಕೇಳುವ ವ್ಯವಧಾನ ಇರಲಿಲ್ಲ.

ದಡದಲ್ಲಿ ನಿಂತು ಕೊನೆಯ ಸಲ ಫೋನ್ ನೋಡಿದಳು. ಗುರುತಿಲ್ಲದವನು ಮತ್ತೆ ಬರೆದಿದ್ದ. ಈ ಸಲ ಅವನ ಪ್ರಶ್ನೆ ಇನ್ನೂ ಚಿಕ್ಕದಾಗಿತ್ತು, ಇನ್ನೂ ಹತ್ತಿರ ಬಂದಿತ್ತು. ಗಂಟೆ ಎರಡು ದಾಟಿತ್ತು.

ಹೊಳೆ ಅಲ್ಲಿ ಸರೋವರದ ಹಾಗೆ ಅಗಲವಾಗಿ ಬಿಳುಪಾಗಿ ಬಿದ್ದುಕೊಂಡಿತ್ತು. ಮಾರ್ಚ್ ಬಿಸಿಲಿಗೆ ಕಣ್ಣು ಬಿಡಲಾಗುತ್ತಿರಲಿಲ್ಲ. ದಡದಿಂದ ಮಂಜಿನ ಮೇಲೆ ಓಡುವ ಗಾಡಿ ಸ್ನೋಮೊಬೈಲಿನ ಜಾಡೊಂದು ಬಾಣದ ಹಾಗೆ ನೇರ ಹೋಗಿತ್ತು. ಜನವರಿಯಲ್ಲಿ ಒಟ್ಟಾವಾದ ಕರ್ನಲ್ ಮಂದಿಯೆಲ್ಲ ಒಮ್ಮೆ ಆಂಬ್ರೋಸ್‌ನ ಗುಡಿಸಲಿಗೆ ಬಂದಿದ್ದಾಗ ಇದೇ ಜಾಡು ಹಿಡಿದೇ ಬಂದಿದ್ದಳು. ತಲೆ ತಗ್ಗಿಸಿ, ಬಿಸಿಲಿಗೆ ಕೈ ಅಡ್ಡ ಹಿಡಿದು, ಜಾಡನ್ನೇ ನೋಡುತ್ತಾ ಓಡುನಡಿಗೆಯಲ್ಲಿ ಹೊರಟಳು. ಬಾಯಲ್ಲಿ ಡೈಲಾಗ್ ತಯಾರಾಗುತ್ತಿತ್ತು. ನೋಡಿ ಆಂಬ್ರೋಸ್, ಇವತ್ತು ನಾನು ಕಾಮಿಡಿ ಪಾತ್ರದಲ್ಲಿ ಬಂದಿಲ್ಲ. ಛೆ, ಇದು ಬೇಡ. ನಿಮ್ಮ ಕೋಟೆ ಕಾಯಕ್ಕೆ ಬಂದಿದೀನಿ. ಇದೂ ಬೇಡ.

ಜಾಡು ಮುಗಿದಲ್ಲಿ ಗುಡಿಸಲು ಇರಲಿಲ್ಲ. ಮಂಜಿನಲ್ಲಿ ಅದರ ಚೌಕಾಕಾರದ ಅಚ್ಚು, ಒಂದಿಷ್ಟು ಮಸಿ, ಮೀನಿನ ಹುರುಪೆ. ಇದೇನಪ್ಪ ಎಂದು ಎರಡು ಹೆಜ್ಜೆ ಮುಂದಿಟ್ಟು ತಲೆಯೆತ್ತಿದಳು. ಹಸಿರು ಬಣ್ಣದ ಗುಡಿಸಲು ದೂರದಲ್ಲಿ, ಬೇರೆಯೇ ದಿಕ್ಕಿನಲ್ಲಿ, ಹೊಗೆ ಬಿಡುತ್ತಾ ನಿಂತಿತ್ತು. ಅದನ್ನು ನೋಡುತ್ತಲೇ ಮೂರನೇ ಹೆಜ್ಜೆ ಇಟ್ಟಳು.

ಕಾಲ ಕೆಳಗೆ ತೆಳ್ಳನೆಯ ಕೆನೆ ಮುರಿಯಿತು. ಬಲಗಾಲು ತೊಡೆಯವರೆಗೂ ಸೀದಾ ಹೊಳೆಯೊಳಗೆ ಇಳಿಯಿತು.

ಗಾಳ ಬಿಡಲು ಕೊರೆದ ಎರಡು ತೂತು ಒಂದಕ್ಕೊಂದು ಸೇರಿ, ಸರಿಯಾಗಿ ಒಂದು ಕಾಲಿನ ಅಳತೆಗೇ ಮಾಡಿಸಿದ ಹಾಗಿದ್ದವು. ಚಳಿ ಎನ್ನುವುದು ಆಮೇಲೆ. ಮೊದಲು ಯಾರೋ ಕಾಲನ್ನು ಇಕ್ಕಳದಲ್ಲಿ ಹಿಡಿದಂತಾಯಿತು. ಮಂಜಿನ ಮೇಲೆ ಕೈ ಊರಿದರೆ ಕೈ ಜಾರುತ್ತದೆ. ಬೂಟಿನ ತುಂಬ ನೀರು. ಎಳೆದರೆ ಬೂಟು ಕೆಳಗಿನ ಅಂಚಿಗೆ ಸಿಕ್ಕಿಕೊಳ್ಳುತ್ತದೆ. ಅವಳು ಕೂಗಿದಳು.

ಗುಡಿಸಲಿನ ಬಾಗಿಲು ತೆರೆದು ಆಂಬ್ರೋಸ್ ಹೊರಗೆ ಬಂದ. ಕಣ್ಣಿಗೆ ಕೈ ಮರೆ ಮಾಡಿಕೊಂಡು ನೋಡಿದ. ಗುರುತು ಸಿಕ್ಕಿತು.

"ಎದ್ದು ಬಾ, ಲಾರೋಕ್. ನಾಟಕ ಸಾಕು."

"ನಾಟಕ ಅಲ್ಲ. ಕಾಲು ಸಿಕ್ಕಾಕ್ಕೊಂಡಿದೆ."

"ಹೌದೌದು. ಕ್ಯಾಮರಾ ಎಲ್ಲಿಟ್ಟಿದೀಯ? ಮರದ ಮೇಲಾ?"

ಅವನು ಎದೆಯ ಮೇಲೆ ಕೈ ಕಟ್ಟಿ ನಿಂತುಬಿಟ್ಟ. ಒಮ್ಮೆ ಊರೆಲ್ಲ ನಕ್ಕಿತ್ತು. ಇನ್ನೊಮ್ಮೆ ನಗಿಸಲು ಅವನು ತಯಾರಿಲ್ಲ. ಡೆಲ್ಫೀನ್ ಬಾಯಿ ತೆರೆದಳು. ಇಂಥ ಹೊತ್ತಿಗೆಂದೇ ಅವಳ ಹತ್ತಿರ ಚೀಲದ ತುಂಬ ಡೈಲಾಗ್ ಇರುತ್ತಿದ್ದವು. ಒಂದೂ ಬರಲಿಲ್ಲ. ಕಾಲಿನ ನೋವು ನಿಂತು ಮರಗಟ್ಟುತ್ತಿತ್ತು, ಅದಕ್ಕೇ ಹೆಚ್ಚು ಹೆದರಿಕೆಯಾಯಿತು. ಅವಳು ಸುಮ್ಮನೆ ಎರಡೂ ಕೈಯನ್ನು ಮಂಜಿನ ಮೇಲೆ ಚಾಚಿ, ಅವನ ಕಡೆ ನೋಡುತ್ತಾ ಉಳಿದಳು.

ಬಹುಶಃ ಆ ಮೌನವೇ ಮುದುಕನಿಗೆ ತಟ್ಟಿತು. ಲಾರೋಕ್ ಇದ್ದಲ್ಲಿ ಮಾತಿಲ್ಲ ಎಂದರೆ ಎಲ್ಲೋ ಏನೋ ನಿಜವಾಗಿಯೂ ಕೆಟ್ಟಿದೆ. ಅವನು ಕೈ ಬಿಚ್ಚಿದ, ಎರಡು ಹೆಜ್ಜೆ ನಡೆದ, ಆಮೇಲೆ ಓಡಿದ.

ಹತ್ತಿರ ಬಂದು ಹೊಟ್ಟೆಯ ಮೇಲೆ ಮಲಗಿ, ತೂತಿನೊಳಗೆ ತೋಳಿಳಿಸಿ ಬೂಟಿನ ದಾರ ಚಾಕುವಿನಿಂದ ಕೊಯ್ದ. ಬೂಟು ಹೊಳೆಗೆ ಹೋಯಿತು, ಕಾಲು ಹೊರಗೆ ಬಂತು. ಅವಳನ್ನು ಎಳೆದುಕೊಂಡು ಗುಡಿಸಲಿಗೆ ತಂದು, ಒಲೆಯ ಪಕ್ಕ ಕೂರಿಸಿ, ತನ್ನ ಉಣ್ಣೆಯ ಕಾಲ್ಚೀಲ ಹಾಕಿಸಿ, ಫ್ಲಾಸ್ಕಿನ ಟೀ ಕೈಗಿಟ್ಟ. ಬಾಗಿಲ ಹೊರಗೆ ಸ್ಲೆಡ್ಜು ನಿಂತಿತ್ತು. ಅದರ ತುಂಬ ಸ್ಪ್ರೂಸ್ ಕೊಂಬೆಗಳು, ಕಟ್ಟು ಬಿಚ್ಚದ ಹಾಗೇ.

"ಗುಡಿಸ್ಲು ಎಳೆಯೋ ಮುಂಚೆ ಹಳೇ ಜಾಡಿಗೆ ಕೊಂಬೆ ಅಡ್ಡ ನೆಡ್ಬೇಕು," ಎಂದ ಕೊನೆಗೆ, ಅವಳ ಮುಖ ನೋಡದೆ. "ಇಲ್ಲಿ ಎಲ್ಲರೂ ಮಾಡ್ತಾರೆ. ನಮ್ಮಪ್ಪ ನಂಗೆ ಕಲಿಸಿದ ಮೊದಲನೇ ಪಾಠ. ಇವತ್ತು ಮೊದ್ಲು ಎಳ್ಕೊಂಡು ಬಿಡಾಣ, ಕೊಂಬೆ ಆಮೇಲೆ ನೆಟ್ರಾಯ್ತು ಅಂದ್ಕೊಂಡೆ. ಈ ನಡುವೆ ಯಾರ್ ಬರ್ತಾರೆ ಅಂತ."

ಡೆಲ್ಫೀನ್‌ಗೆ ಹಲ್ಲು ಕಟಕಟ ಹೊಡೆದುಕೊಳ್ಳುತ್ತಿತ್ತು.

"ಅದೇ ಪ್ಯಾಚು," ಎಂದಳು.

"ಏನು?"

"ನೀವೀಗ ಹೇಳಿದ್ರಲ್ಲ, ಅದೇ ನನ್ನ ಪ್ಯಾಚು. ಗುಡಿಸ್ಲು ಮೊದ್ಲು ಹೋಗುತ್ತೆ, ಜಾಡು ಆಮೇಲೆ ಅಳಿಯುತ್ತೆ. ನಡುವೆ ನಾನು ಬಂದೆ. ಚಂದಕ್ಕಲ್ಲ ಆಂಬ್ರೋಸ್. ಟ್ಯಾಮ್ಸಿನ್ ಆ ದಾರೀಲಿ ಯಜಮಾನನ ಕುರ್ಚೀವರೆಗೂ ಹೋಗಿ ಬಂದಿದಾಳೆ."

ಮುದುಕನ ಕಣ್ಣು ಗೋಡೆಯ ಮೇಲಿತ್ತು, ಆದರೆ ಓದುತ್ತಿದ್ದುದು ಬೇರೇನನ್ನೋ. ತಲೆಯೊಳಗೆ ಆ ಎರಡು ಸಾಲುಗಳನ್ನು ಓಡಿಸಿ ನೋಡುತ್ತಿದ್ದಾನೆ ಎಂದು ಅವಳಿಗೆ ಗೊತ್ತಾಯಿತು.

"ಆ ಸಾಲು ಬರೆದೋನು ನಾನೇ," ಎಂದ. "ಆಗ ನಿಂಗೆ ಹಲ್ಲೂ ಬಂದಿರ್ಲಿಲ್ಲ."

ಅವಳು ಉಳಿದದ್ದನ್ನೂ ಹೇಳಿದಳು: ನಾಲ್ಕು ಗಂಟೆಯ ಬಿಡುಗಡೆ, ಬಾಗಿಲಲ್ಲಿ ನಿಂತಿರುವ ಗುರುತಿಲ್ಲದವನು, ಅಮ್ಮನ ಮೇಜು. ಆಂಬ್ರೋಸ್ ಎದ್ದು ಕೋಟು ಹಾಕಿಕೊಂಡ. ಸ್ಲೆಡ್ಜು ಕಟ್ಟಿದ ಸ್ನೋಮೊಬೈಲಿನಲ್ಲಿ ಅವಳನ್ನು ಹಿಂದೆ ಕೂರಿಸಿಕೊಂಡ. ಆದರೆ ಹಳೆಯ ಜಾಡಿನ ಹತ್ತಿರ ಬಂದಾಗ ಗಾಡಿ ನಿಲ್ಲಿಸಿ, ಕೆಳಗಿಳಿದು, ಕೊಂಬೆಗಳನ್ನು ಒಂದೊಂದಾಗಿ ಅಡ್ಡ ನೆಡತೊಡಗಿದ. ಡೆಲ್ಫೀನ್‌ಗೆ ಒಂದೊಂದು ಕೊಂಬೆಯೂ ಎದೆಗೆ ನೆಟ್ಟ ಹಾಗೆ. ಹೊತ್ತಾಗುತ್ತೆ ಎಂದು ಕೂಗಬೇಕೆನಿಸಿತು, ತುಟಿ ಕಚ್ಚಿಕೊಂಡಳು. ಇವತ್ತು ಒಮ್ಮೆ ಆತುರಪಟ್ಟ ಈ ಮುದುಕನನ್ನು ಇನ್ನೊಮ್ಮೆ ಆತುರಪಡಿಸಬಾರದು.

ಬಂಕಿನ ಕೌಂಟರಿನಲ್ಲಿ ಲ್ಯಾಪ್‌ಟಾಪ್ ತೆರೆಯುವ ಹೊತ್ತಿಗೆ ಮೂರೂವರೆ. ಆಗ ಹೊಸ ತೊಂದರೆ ಎದ್ದಿತು.

ತಪ್ಪಾಗಿ ಓದಿದ್ದೆ, ಬರೀ ಸ್ವಚ್ಛತೆಯ ಪ್ಯಾಚ್, ಒಪ್ಪಿದೆ ಎಂದು ಬರೆದುಬಿಡಿ ಎಂದಳು ಡೆಲ್ಫೀನ್. ಆಂಬ್ರೋಸ್ ಆಗಲ್ಲ ಎಂದು ತಲೆಯಾಡಿಸಿದ. ಲಿಸ್ಟಿನಲ್ಲಿ ತಾನು ಈವರೆಗೆ ಒಂದು ಸುಳ್ಳೂ ಬರೆದಿಲ್ಲ, ಬರೆಯುವುದೂ ಇಲ್ಲ ಎಂದ. ಅಲ್ಲದೆ, ಬೆಳಿಗ್ಗೆ ಕೆಂಡ ಕಾರಿದವನು ಸಂಜೆಗೆ ಬೆಣ್ಣೆಯಾದರೆ ಯಾವ ಪೆದ್ದ ನಂಬುತ್ತಾನೆ? ನಿಜ ಬರೆದರೆ ಕಳ್ಳನಿಗೆ ಹಬ್ಬ, ಏನೂ ಬರೆಯದಿದ್ದರೆ ನಾಲ್ಕು ಗಂಟೆಯ ಬಿಡುಗಡೆ ಕೈತಪ್ಪುತ್ತದೆ. ಕೌಂಟರಿನ ಹೆಂಗಸು ಕಾಫಿ ತಂದಿಟ್ಟು, ಡೆಲ್ಫೀನ್‌ನ ಒಂದು ಕಾಲಿನಲ್ಲಿ ಬೂಟು, ಇನ್ನೊಂದರಲ್ಲಿ ಮುದುಕನ ಕಾಲ್ಚೀಲ ಇರುವುದನ್ನು ಕಂಡು, ನಗು ತಡೆಯಲಾರದೆ ಅಡುಗೆ ಕೋಣೆಗೆ ಓಡಿದಳು. ಒಳಗಿನಿಂದ ನಗು ಕೇಳುತ್ತಲೇ ಇತ್ತು.

ಆಂಬ್ರೋಸ್ ಆ ನಗುವನ್ನು ಕೇಳಿಸಿಕೊಂಡ. ಆಮೇಲೆ ಡೆಲ್ಫೀನ್‌ನ ಕಾಲ ಕಡೆ ನೋಡಿದ.

"ನಿಜಾನೇ ಬರೀತೀನಿ," ಎಂದ. "ನಿಂಗೆ ಸ್ವಲ್ಪ ಉರಿಯುತ್ತೆ."

ಎರಡು ಬೆರಳಿನಲ್ಲಿ, ಒಂದೊಂದೇ ಅಕ್ಷರ ಹುಡುಕಿ ಒತ್ತಿದ. ಅವನು ಲಿಸ್ಟಿಗೆ ಕಳಿಸಿದ್ದು ಇಷ್ಟು:

"ಕಾರಣ ಹೇಳು ಅಂದಿದ್ದೆ. ಲಾರೋಕ್ ಅದಕ್ಕೆ ಅಂತ ಒಟ್ಟಾವಾದಿಂದ ನನ್ನ ಗುಡಿಸ್ಲವರೆಗೂ ಬಂದ್ಲು. ದಾರೀಲಿ ನನ್ನ ಮೀನಿನ ತೂತಿಗೆ ತೊಡೆಮಟ್ಟ ಬಿದ್ಲು. ಎಳೆದು ತೆಗೆದೆ. ಒಂದು ಬೂಟು ಹೊಳೆ ಪಾಲು. ಇಷ್ಟು ಕಷ್ಟಪಟ್ಟು ಬಂದವಳ ಹತ್ರ ನಂಗೆ ಜಗಳ ಬೇಡ. ಪ್ಯಾಚ್ ಸರಿಯಿದೆ, ತಗೊಂಡಿದೀನಿ."

ಆಮೇಲೆ ಲಿಸ್ಟು ಸಿಡಿಯಿತು.

ಟೋಕಿಯೋದಿಂದ ಬರ್ಲಿನ್‌ವರೆಗೆ, ಅವಳ ಕುಚೇಷ್ಟೆಗೆ ಎಂದಾದರೂ ಸಿಕ್ಕಿದವರೆಲ್ಲ ಸಾಲುಗಟ್ಟಿ ಬಂದರು. ಬೂಟು ಯಾವ ಸೈಜು ಎಂದು ಒಬ್ಬ. ಮೀನುಗಳು ಎರಡೂ ಅಧಿಕೃತ ಭಾಷೆಗಳಲ್ಲಿ ಕ್ಷಮೆ ಕೇಳಿದವೇ ಎಂದು ಇನ್ನೊಬ್ಬ. ಬೂಟು ಹುಡುಕುವ ಪ್ಯಾಚ್ ಒಂದನ್ನೇ ಯಾರೋ ಬರೆದು ಕಳಿಸಿದರು. ಎಂದೂ ಬಾಯಿ ಬಿಡದವರು ಕೂಡ ಅಂದು ಒಂದು ಏಟು ಹೊಡೆದು ಹೋದರು. ಹೊಡೆತಕ್ಕೊಂದು ಮಾತು ವಾಪಸ್ ಎಸೆಯದೆ ಡೆಲ್ಫೀನ್ ಎಂದೂ ಬಿಟ್ಟವಳಲ್ಲ. ಬೆರಳು ತುರಿಸಿತು. ಆದರೆ ಅವಳು ಓದುತ್ತಿದ್ದುದು ಜೋಕುಗಳನ್ನಲ್ಲ. ಗುರುತಿಲ್ಲದವನ ಪ್ರಶ್ನೆ ಕೆಳಗೆ ಜಾರಿತು, ಇನ್ನೂ ಕೆಳಗೆ ಜಾರಿತು, ಬೂಟುಗಳ ರಾಶಿಯಡಿ ಮುಚ್ಚಿಹೋಯಿತು. ಯಾರೂ ಅವನಿಗೆ ಉತ್ತರ ಕೊಡಲಿಲ್ಲ. ಆ ಎರಡು ಸಾಲನ್ನು ಯಾರೂ ಮತ್ತೆ ತೆರೆದು ನೋಡಲಿಲ್ಲ.

ಗೋಡೆಯ ಗಡಿಯಾರ ನಾಲ್ಕಕ್ಕೆ ಬಂತು. ದಾಟಿತು. ಅವಳ ಕಾಫಿ ಆರಿ ಹೋಗಿತ್ತು. ಕೊನೆಗೆ ಪೋರ್ಟ್‌ಲೆಂಡಿನಿಂದ ರೊವೀನಾಳ ಎಂದಿನ ಒಣ ಪ್ರಕಟಣೆ ಬಂತು: ಹೊಸ ಆವೃತ್ತಿ ಸಿದ್ಧ, ಎಲ್ಲರೂ ಹಾಕಿಕೊಳ್ಳಿ. ಬದಲಾವಣೆಗಳ ಉದ್ದನೆಯ ಸಾಲಿನ ನಡುವೆ ಎಲ್ಲೋ ಅವಳ ಪೊರಕೆಯೂ ಇತ್ತು.

ಡೆಲ್ಫೀನ್ ಮೇಜಿನ ಮೇಲೆ ಹಣೆ ಇಟ್ಟಳು. ಆಂಬ್ರೋಸ್ ಅವಳ ಬೆನ್ನು ತಟ್ಟಲಿಲ್ಲ, ಅದು ಅವನ ಜಾಯಮಾನವಲ್ಲ. ಒಂದು ಡೋನಟ್ ಮುರಿದು ಅರ್ಧ ಅವಳ ಕಡೆ ತಳ್ಳಿದ.

"ಏಪ್ರಿಲ್ ಒಂದಕ್ಕೆ ಏನ್ ಮಾಡ್ಬೇಕು ಅಂತಿದೀಯ?"

"ಈ ವರ್ಷ ರಜಾ."

"ನಂಬಲ್ಲ," ಎಂದ ಆಂಬ್ರೋಸ್, ಮತ್ತು ಅವಳಿಗೆ ತಿಳಿದ ಮಟ್ಟಿಗೆ ಮೊದಲ ಸಲ, ಮೀಸೆಯಡಿಯಲ್ಲಿ ನಕ್ಕ.

ಹೆದ್ದಾರಿಯಲ್ಲಿ, ಒಂದು ಬೂಟು ಒಂದು ಕಾಲ್ಚೀಲದಲ್ಲಿ ಮನೆಗೆ ಹೋಗುತ್ತಿರುವಾಗ ಅಮ್ಮನ ಫೋನ್ ಮತ್ತೆ ಬಂತು. ಕೌಂಟರಿನ ಹೆಂಗಸಿಗೆ ಕಣಿವೆಯಲ್ಲಿ ಗೊತ್ತಿಲ್ಲದವರಿಲ್ಲ. ಸುದ್ದಿ ಕಾರಿಗಿಂತ ಮುಂದೆ ಓಡಿತ್ತು.

"ಇವತ್ತಿನ ಮಂಗಗಳ ಜೊತೆ ನನ್ನ ಮಗಳೂ ಸೇರ್ಕೊಂಡ್ಲಂತೆ?" ಜಿನೆಟ್‌ಗೆ ನಗುವಿನಿಂದ ಉಸಿರು ಸಿಗುತ್ತಿರಲಿಲ್ಲ. "ಮುದುಕನ ಗುಡಿಸಲಲ್ಲಿ ನಿಂಗೇನೇ ಕೆಲ್ಸ, ಅದೂ ಹಾಡಹಗಲೇ?"

"ಮೀನು ತಿನ್ನೋ ಆಸೆ ಆಯ್ತು ಮಮಾಂ."

"ಸುಳ್ಳಿ. ಇಲ್ಲಿ ನಮ್ಮ ಆಫೀಸಿನ ಕಂಪ್ಯೂಟರ್ ಹುಡುಗ ಬೇರೆ, ಏನೋ ಹೊಸದು ಬಂದಿದೆ ಅಂತ ಒಂದೊಂದೇ ಪರದೆ ಆರಿಸಿ ಹಚ್ತಾ ಕೂತಿದಾನೆ. ನಿಮ್ಮೋರಿಗೆ ಬೇರೆ ಕೆಲ್ಸ ಇಲ್ವಾ? ಚೆನ್ನಾಗಿರೋದನ್ನ ಯಾಕೆ ಕೆದಕ್ತೀರಾ?"

ಡೆಲ್ಫೀನ್‌ಗೆ ಏನಾದರೂ ಹೇಳಬೇಕೆನಿಸಿತು. ತಾನೇ ಕಾಪಾಡಿದ್ದು ಎಂದಲ್ಲ, ಆದರೂ ಏನಾದರೂ.

"ಓದಕ್ಕೆ ಚಂದ ಇರ್ಲಿ ಅಂತ," ಎಂದಳು.

ಅಮ್ಮ ಇನ್ನೇನೋ ಚುಚ್ಚಲು ಹೊರಟಿದ್ದಳು. ಅಷ್ಟರಲ್ಲಿ ಆ ಕಡೆ ತುರ್ತು ಫೋನಿನ ಗಂಟೆ ಬಾರಿಸಿತು. ತಡಿ ಎಂದು ಫೋನನ್ನು ಮೇಜಿನ ಮೇಲೆ ಇಟ್ಟ ಸದ್ದು. ಆಮೇಲೆ ನಗುವಿನ ಗುರುತೂ ಇಲ್ಲದ, ಒದ್ದೆ ಬಟ್ಟೆ ಹಿಂಡಿ ಹರವಿದಷ್ಟು ನೇರವಾದ ದನಿ:

"ತುರ್ತು ಸೇವೆ. ಹೇಳಿ, ಎಲ್ಲಿದೀರಾ?"

ಅತ್ತ ಯಾರೋ ಉತ್ತರ ಕೊಟ್ಟಿರಬೇಕು. ಜಿನೆಟ್ ವಿಳಾಸವನ್ನು ಮತ್ತೊಮ್ಮೆ ಹೇಳಿ ಖಚಿತ ಮಾಡಿಕೊಂಡಳು, ಕೀಲಿಗಳು ಟಕಟಕ ಅಂದವು. ಡೆಲ್ಫೀನ್ ಕಾರನ್ನು ರಸ್ತೆಯ ಬದಿಗೆ ನಿಲ್ಲಿಸಿ, ಬೇರೆಯವರ ಮಾತು ಕೇಳಬಾರದು ಎಂದು ಗೊತ್ತಿದ್ದೂ, ಅಮ್ಮ ನೆನಪಾಗಿ ಫೋನ್ ಆಫ್ ಮಾಡುವವರೆಗೂ ಆ ಟಕಟಕವನ್ನು ಕೇಳುತ್ತಾ ಕೂತಳು.